ಲವೀನಾಳ ಮೇಜಿನ ರೂಟ್ ಬಿಯರ್

ಜಾರ್ಜ್‌ಟೌನ್, ಪೆನ್ಸಿಲ್ವೇನಿಯಾ
ಜುಲೈ 12, 2011, ಮಂಗಳವಾರ

ಪ್ರೀತಿಯ ಸಲೋಮಿಗೆ,

ಕರ್ತನ ಕೃಪೆಯಿಂದ ಇಲ್ಲಿ ನಾನೂ ಕುದುರೆಯೂ ಕ್ಷೇಮ. ಅಲ್ಲಿ ನೀನು, ನಮ್ಮ ಸೂಸಿ, ಅವಳ ಗಂಡ, ಹಳೆಯ ಮೂರು ಮಕ್ಕಳು, ಹೊಸದಾಗಿ ಬಂದಿರುವ ನಾಲ್ಕನೆಯವನು, ಎಲ್ಲರೂ ಸುಖವಾಗಿದ್ದೀರೆಂದು ನಂಬಿದ್ದೇನೆ. ನೀನು ಬಾಣಂತನಕ್ಕೆಂದು ಕೆಂಟಕಿಗೆ ಹೋಗಿ ಇವತ್ತಿಗೆ ಹದಿನೇಳು ದಿನ. ಮೊದಲ ವಾರವೇ ಕಾಗದ ಹಾಕುತ್ತೇನೆಂದು ಮಾತು ಕೊಟ್ಟಿದ್ದೆ, ಹಾಕಲಿಲ್ಲ. ಕೆಲಸ ಹೆಚ್ಚಿತ್ತು ಎಂದರೆ ನೀನು ನಂಬುವವಳಲ್ಲ. ಸೋಮಾರಿತನ ಎಂದೇ ಇಟ್ಟುಕೋ, ಆದರೆ ಕ್ಷಮಿಸಿಬಿಡು.

ಮಳೆ ಬಂದು ಹತ್ತು ದಿನವಾಯಿತು. ನಮ್ಮ ಮಗ ಎರಡನೆಯ ಸಲದ ಹುಲ್ಲು ಕೊಯ್ದು ಮುಗಿಸಿದ. ನಿನ್ನ ಸೌತೆಬಳ್ಳಿಗೆ ದಿನಾ ನೀರು ಹಾಕುತ್ತಿದ್ದೇನೆ, ಅದು ಮಾತ್ರ ನನ್ನ ಮೇಲೆ ಸಿಟ್ಟು ಮಾಡಿಕೊಂಡ ಹಾಗೆ ಹಳದಿಯಾಗುತ್ತಿದೆ. ಅಂಗಡಿಯಲ್ಲಿ ನಾಲ್ಕು ಕುದುರೆ ಸಜ್ಜು ಹೊಲಿಯಲು ಬಿದ್ದಿವೆ. ಸೂಜಿ ಹಿಡಿದರೆ ಹೆಬ್ಬೆರಳು ನೋಯುತ್ತದೆ. ಬೇರೆ ದೂರು ಏನಿಲ್ಲ.

ದೂರು ಇರುವುದು ಊಟದ ಬಗ್ಗೆ. ನೀನು ಹೊರಡುವಾಗ ನಿನ್ನ ಸೊಸೆ ಬಾರ್ಬಿಯ ಕೈಗೆ ನನ್ನನ್ನು ಒಪ್ಪಿಸಿ ಹೋದೆ. ಹುಡುಗಿ ಒಳ್ಳೆಯವಳು, ಮನಸ್ಸು ಬೆಣ್ಣೆ. ಅಡುಗೆ ಮಾತ್ರ ಹಾಗಿಲ್ಲ. ಹೋದ ವಾರ ಅವಳು ಮಾಡಿದ ಶೂಫ್ಲೈ ಪೈಯಲ್ಲಿ ಕಾಕಂಬಿ ಎಲ್ಲಿದೆಯೆಂದು ಹುಡುಕುವುದರಲ್ಲೇ ಕಾಫಿ ತಣ್ಣಗಾಯಿತು. "ಮಾವಾ, ಇನ್ನೊಂದು ತುಂಡು ಹಾಕ್ಲಾ?" ಎಂದು ಕೇಳಿದಳು. ಹಲ್ಲುನೋವು ಎಂದು ಹೇಳಿ ತಪ್ಪಿಸಿಕೊಂಡೆ. ಅವಳು ಪಾಪ, ಮಾರನೆಯ ದಿನ ಹಲ್ಲುನೋವಿಗೆಂದು ಎಲ್ಲವನ್ನೂ ಬೇಯಿಸಿ ಗಂಜಿ ಮಾಡಿದಳು. ಈಗ ನಾಲ್ಕು ದಿನದಿಂದ ಗಂಜಿ ಕುಡಿಯುತ್ತಿದ್ದೇನೆ.

ಹಾಗಾಗಿ ನನ್ನ ಹೊಟ್ಟೆಯನ್ನು ಕಾಪಾಡುತ್ತಿರುವವನು ಪಕ್ಕದ ಬೆನುಯೆಲ್ ಎಶ್. ನಿನಗೆ ಗೊತ್ತಲ್ಲ, ಹೆಂಡತಿ ಸತ್ತ ಮೇಲೆ ಅವನ ಮನೆಯಲ್ಲಿ ಒಲೆ ಉರಿಯುವುದು ಕಾಫಿಗೆ ಮಾತ್ರ. ಬಾಡಿಗೆ ವ್ಯಾನಿನಲ್ಲಿ ಕೆಲಸಕ್ಕೆ ಹೋಗಿ ಬರುವಾಗ ದಾರಿಯಲ್ಲಿ ಎಲ್ಲೆಲ್ಲಿ ತಿಂಡಿಯ ಮೇಜು ಹಾಕಿದ್ದಾರೋ ಅಲ್ಲೆಲ್ಲ ನಿಲ್ಲಿಸುತ್ತಾನೆ. ಶನಿವಾರ ಮಧ್ಯಾಹ್ನ ಒಂದು ಕಾಗದದ ಚೀಲ ತಬ್ಬಿಕೊಂಡು ನನ್ನ ಅಂಗಡಿಗೆ ಬಂದ. ಹಂದಿಕೊಬ್ಬಿನಲ್ಲಿ ಕರಿದ ಆಲೂಗಡ್ಡೆ ಚಿಪ್ಸು, ಬೀಟ್‌ರೂಟ್ ರಸದಲ್ಲಿ ನೆನೆಸಿದ ಕೆಂಪು ಮೊಟ್ಟೆ ಆರು, ನಡುವೆ ಬಿಳಿ ಕೆನೆ ಇಟ್ಟ ಕಪ್ಪು ವೂಪಿ ಪೈ ಎರಡು. ಕೊನೆಗೆ ಒಂದು ಕಂದು ಬಾಟಲಿ ತೆಗೆದು ಬೆಂಚಿನ ಮೇಲೆ ಇಟ್ಟ.

"ಇದನ್ನ ಕುಡಿದು ಮಾತಾಡು" ಅಂದ.

"ರೂಟ್ ಬಿಯರ್ ತಾನೆ? ಮಕ್ಕಳು ಮರಿ ಕುಡಿಯೋ ಬೇರಿನ ಪಾನಕ. ನಮ್ಮಮ್ಮ ಸತ್ತ ಮೇಲೆ ರೂಟ್ ಬಿಯರ್ ಅನ್ನೋದೇ ಸತ್ತೋಯ್ತು. ಈಗಿನವರದು ಸಕ್ಕರೆ ನೀರು ಕಣಯ್ಯಾ" ಅಂದೆ.

"ಹತ್ತು ವರ್ಷದಿಂದ ಇದೇ ರಾಗ. ನಿಮ್ಮಮ್ಮನ್ನ ಸ್ವಲ್ಪ ನೆಮ್ಮದಿಯಾಗಿ ಮಲಗೋಕೆ ಬಿಡು ಮಾರಾಯಾ. ಕುಡಿ."

ಕುಡಿದೆ. ಸಲೋಮಿ, ಅದನ್ನು ಹೇಗೆ ಬರೆಯಲಿ. ಮೊದಲು ಸಾಸಫ್ರಾಸ್ ಬೇರಿನ ಮಣ್ಣುವಾಸನೆ ಮೂಗಿಗೆ ಬಂತು. ಆಮೇಲೆ ಬರ್ಚ್ ತೊಗಟೆಯ ತಂಪು. ಸಿಹಿ ಕಡಿಮೆ. ಹುದುಗು ಹದವಾಗಿ ಏರಿ ನಾಲಿಗೆಯ ತುದಿ ಚುರುಗುಟ್ಟಿತು. ಎರಡನೆಯ ಗುಟುಕಿಗೆ ಅನುಮಾನ ಬಂತು. ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಳ ನೋಡಿದೆ. ಮೂರು ಒಣದ್ರಾಕ್ಷಿ ಇದ್ದವು.

ಬಾಟಲಿಗೆ ಮೂರೇ ದ್ರಾಕ್ಷಿ ಹಾಕಿ, ಬಟ್ಟೆ ಒಗೆಯುವ ಮನೆಯ ತಗಡಿನ ಮೇಲೆ ಒಂದು ಹಗಲು ಬಿಸಿಲಿಗೆ ಮಲಗಿಸುತ್ತಿದ್ದವಳು ನಮ್ಮಮ್ಮ. ನಿನಗೆ ಅವಳು ಕಲಿಸಲಿಲ್ಲ. ಸೊಸೆಗೆ ಕಲಿಸಿದರೆ ಅತ್ತೆಯ ಗತ್ತು ಉಳಿಯುವುದಿಲ್ಲವೆಂದು ಅವಳ ಲೆಕ್ಕ. ಸೂಸಿಗೆ ಆಸಕ್ತಿ ಇರಲಿಲ್ಲ. ಪ್ರತಿ ಮಾರ್ಚಿನಲ್ಲಿ ಅಜ್ಜಿಯ ಹಿಂದೆ ಗುದ್ದಲಿ ಹಿಡಿದು ಬೇರು ಅಗೆಯಲು ಹೋಗುತ್ತಿದ್ದವಳು ಒಬ್ಬಳೇ. ಆ ಮಗಳ ಹೆಸರನ್ನು ಈ ಮನೆಯಲ್ಲಿ ಆಡಬಾರದೆಂದು ನಾನೇ ಹೇಳಿದ್ದೆ. ಈಗ ನಾನೇ ಬರೆಯುತ್ತಿದ್ದೇನೆ. ಲವೀನಾ.

ಬೆನುಯೆಲ್‌ನನ್ನು ಎಲ್ಲಿ ಕೊಂಡೆಯೆಂದು ಕೇಳಿದೆ, ಆದಷ್ಟು ತಣ್ಣಗೆ. "ನಾನು ವ್ಯಾನಿಂದ ಇಳೀಲಿಲ್ಲಪ್ಪ, ಡ್ರೈವರ್ ತಂದುಕೊಟ್ಟ. ಕ್ವಾರಿವಿಲ್ ದಾಟಿ ಹಳ್ಳದ ಸೇತುವೆ ಬರುತ್ತಲ್ಲ, ಆಚೆ ಬಲಗಡೆ. ಕಾರಿನವರ ಸಭೆಯೋರ ಮನೆ ಇರ್ಬೇಕು, ಅಂಗಳದಲ್ಲಿ ಕಾರಿತ್ತು. ಯಾಕೆ, ಮುಖ ಹಿಂಗಾಯ್ತು? ಹುಳಿಯಾಗಿದ್ಯಾ?"

"ಚೆನ್ನಾಗಿದೆ" ಅಂದೆ.

"ನೀನು ಚೆನ್ನಾಗಿದೆ ಅಂದ್ಯಾ? ತಡಿ, ಗೋಡೆ ಮೇಲೆ ತಾರೀಖು ಬರ್ಕೋತೀನಿ."

ಹತ್ತು ಮೈಲಿ, ಸಲೋಮಿ. ಅವಳು ಎಲ್ಲೋ ದೂರದ ರಾಜ್ಯದಲ್ಲಿದ್ದಾಳೆಂದು ನೀನೂ ನಾನೂ ಅಂದುಕೊಂಡಿದ್ದೆವು. ಬರೀ ಹತ್ತು ಮೈಲಿ.

ಮೊದಲ ಗುಟುಕು ಗೊತ್ತಿಲ್ಲದೆ ಕುಡಿದದ್ದು. ಎರಡನೆಯದಕ್ಕೆ ಅನುಮಾನದ ನೆಪವಿದೆ. ಉಳಿದ ಬಾಟಲಿಯನ್ನು ಗೊತ್ತಿದ್ದೇ ಖಾಲಿ ಮಾಡಿದೆ. ಬಹಿಷ್ಕಾರದಲ್ಲಿರುವವರ ಕೈಯಿಂದ ಏನನ್ನೂ ತೆಗೆದುಕೊಳ್ಳಬಾರದು, ಅವರೊಂದಿಗೆ ಒಂದೇ ಮೇಜಿನಲ್ಲಿ ಉಣ್ಣಬಾರದು, ಅವರಿಂದ ಕೊಳ್ಳಬಾರದು. ಇದನ್ನು ನಿನಗೆ ಹೇಳಿಕೊಡಬೇಕಿಲ್ಲ. ಆರು ವರ್ಷದ ಹಿಂದೆ, ದೀಕ್ಷಾಸ್ನಾನದಲ್ಲಿ ಮೊಣಕಾಲೂರಿ ಸಭೆಗೆ ಕೊಟ್ಟ ಮಾತು ಮುರಿದು ಅವಳು ಆ ಕರ್ಟಿಸ್ ನೋಲ್ಟನ ಜೊತೆ ಕುದುರೆಗಾಡಿಯ ನಮ್ಮ ಸಭೆ ಬಿಟ್ಟು ಕಾರಿನವರ ಸಭೆಗೆ ಹೋದಾಗ, ಅವಳನ್ನು ಬಹಿಷ್ಕರಿಸಲು ಒಪ್ಪಿಗೆಯೇ ಎಂದು ಬಿಷಪ್ ಒಬ್ಬೊಬ್ಬರನ್ನೇ ಕೇಳುತ್ತ ಬಂದರು. ನನ್ನ ಸರದಿ ಬಂತು. "ಒಪ್ಪಿದ್ದೇನೆ" ಎಂದೆ. ನೀನು ಹೆಂಗಸರ ಸಾಲಿನಲ್ಲಿ ಎಷ್ಟು ಮೆಲ್ಲಗೆ ಹೇಳಿದೆಯೆಂದರೆ ಬಿಷಪ್ ಎರಡನೆಯ ಸಲ ಕೇಳಬೇಕಾಯಿತು. ನಾನು ಗಟ್ಟಿಯಾಗಿಯೇ ಹೇಳಿದ್ದೆ.

ಆ ಕ್ರಿಸ್‌ಮಸ್‌ಗೆ ಅವಳು ಬಂದಾಗ ನೀನು ಎರಡು ಮೇಜು ಹತ್ತಿರ ಹತ್ತಿರ ಎಳೆದು, ನಡುವೆ ಒಂದು ಬೆರಳಿನಷ್ಟು ಸಂದು ಬಿಟ್ಟು, ಮೇಲೆ ಒಂದೇ ಬಟ್ಟೆ ಹಾಸಿದ್ದೆ. ಎಷ್ಟೋ ಮನೆಗಳಲ್ಲಿ ಹಾಗೆ ಮಾಡುತ್ತಾರೆ. ಯಾವ ಬಿಷಪ್ಪರೂ ಬಟ್ಟೆ ಎತ್ತಿ ನೋಡುವುದಿಲ್ಲ. ನಾನು ಮಾತ್ರ ತಟ್ಟೆ ಎತ್ತಿಕೊಂಡು ಅಂಗಡಿಗೆ ಹೋಗಿ ಒಬ್ಬನೇ ಉಂಡೆ. ಆಮೇಲೆ ಅವಳು ಬರಲಿಲ್ಲ. ನೀನು ಅದನ್ನು ಒಂದು ಸಲವೂ ಎತ್ತಿ ಆಡಿಲ್ಲ. ಆಡಿದ್ದರೆ ನನಗೆ ಎದುರು ಮಾತಾದರೂ ಸಿಗುತ್ತಿತ್ತು.

ಈಗ ಏನು ಮಾಡಲಿ? ಹೋದರೆ ತಪ್ಪು, ಹೋಗದಿದ್ದರೆ ಅನ್ನ ಇಳಿಯುವುದಿಲ್ಲ. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಗಿದೆ. ನೀನು ಹೇಗೆ ಬರೆಯುತ್ತೀಯೋ ಹಾಗೆ ನಡೆಯುತ್ತೇನೆ.

ಮಗುವಿಗೂ ಬಾಣಂತಿಗೂ ನನ್ನ ಆಶೀರ್ವಾದ. ದೇವರು ನಿಮ್ಮೆಲ್ಲರನ್ನೂ ತನ್ನ ನೆರಳಿನಲ್ಲಿಡಲಿ.

ನಿನ್ನ,
ಈನೋಸ್ ರೀಲ್

ಮತ್ತೊಂದು ಮಾತು: ಬೆನುಯೆಲ್ ಖಾಲಿ ಬಾಟಲಿ ವಾಪಸು ಕೇಳಿದ. ಒಡೆದುಹೋಯಿತು ಎಂದು ಸುಳ್ಳು ಹೇಳಿದೆ. ಅರವತ್ತೊಂದು ವರ್ಷದಲ್ಲಿ ಅವನಿಗೆ ಹೇಳಿದ ಮೊದಲ ಸುಳ್ಳು.

✻

ಜಾರ್ಜ್‌ಟೌನ್
ಜುಲೈ 23, 2011, ಶನಿವಾರ

ಪ್ರೀತಿಯ ಸಲೋಮಿಗೆ,

ನಿನ್ನ ಕಾಗದ ಹೋದ ಶನಿವಾರವೇ ಬಂತು. ನೀನು ಬರೆದದ್ದು ನಾಲ್ಕೇ ಸಾಲು. "ಹೋಗು. ಅವಳು ಮಾಡಿದ್ದನ್ನು ಒಂದು ಲೋಟ ಕುಡಿದು ಬಾ. ಹೇಗಿದ್ದಾಳೆಂದು ಕಣ್ಣಾರೆ ನೋಡಿ ಬರೆ. ನಾನು ಬರುವವರೆಗೆ ಕಾಯಬೇಡ." ಮೂವತ್ತಾರು ವರ್ಷದ ಸಂಸಾರದಲ್ಲಿ ನೀನು ನನಗೆ ಇಷ್ಟು ಚುಟುಕಾಗಿ ಅಪ್ಪಣೆ ಕೊಟ್ಟದ್ದು ಇದೇ ಮೊದಲು. ಉತ್ತರ ಸೋಮವಾರವೇ ಹೊರಡಬೇಕಿತ್ತು. ಇವತ್ತು ಶನಿವಾರ. ಈ ಸಲ ಸೋಮಾರಿತನವಲ್ಲ, ಬರೆಯಲು ಕೂತಾಗಲೆಲ್ಲ ಮೊದಲ ಸಾಲು ದಾಟಲಾಗಲಿಲ್ಲ. ಅದಕ್ಕೂ ಕ್ಷಮೆ ಇರಲಿ.

ನಾಲ್ಕನೆಯವನಿಗೆ ಮೂಗು ಯಾರದೆಂದು ನೀನು ಬರೆದಿಲ್ಲ. ನನ್ನದಾಗಿದ್ದರೆ ಪಾಪ, ಬೇಗ ಹೇಳಿಬಿಡು.

ಇಲ್ಲಿ ಹಿಂದೆಂದೂ ಕಾಣದ ಬಿಸಿಲು. ಬಾರ್ಬಿಯ ಎರಡು ಕೋಳಿ ಸತ್ತವು. ಅವಳು ಅದನ್ನೂ ಗಂಜಿ ಮಾಡುತ್ತಾಳೇನೋ ಎಂದು ಹೆದರಿದ್ದೆ, ಹೂತಳು. ಸೌತೆಬಳ್ಳಿ ಹೋಯಿತು, ಅದರ ಆಸೆ ಬಿಡು.

ಸೋಮವಾರ ಹೋಗಬೇಕೆಂದಿದ್ದೆ. ಒಬ್ಬರು ಸಜ್ಜು ತೆಗೆದುಕೊಂಡು ಹೋಗಲು ಬರುವವರಿದ್ದರು. ಮಂಗಳವಾರ ಕುದುರೆಯ ಹಿಂಗಾಲಿನ ಲಾಳ ಸಡಿಲವಾಗಿದೆ ಅನ್ನಿಸಿತು. ಬುಧವಾರ ಲಾಳ ಗಟ್ಟಿಯಾಗಿಯೇ ಇದೆಯೆಂದು ಗೊತ್ತಾಯಿತು. ಹೀಗೆ ಮೀನಮೇಷ ಎಣಿಸುತ್ತ ಮೂರು ದಿನ ಕಳೆದೆ. ಆ ಮೂರು ದಿನದ ಬೆಲೆ ನನಗೆ ಆಗ ಗೊತ್ತಿರಲಿಲ್ಲ. ಮೊನ್ನೆ ಗುರುವಾರ ಉಂಡ ಕೂಡಲೇ ಬಾರ್ಬಿಗೆ ತೊಗಲು ತರಲು ಹೋಗುತ್ತೇನೆಂದು ಹೇಳಿ ಕುದುರೆ ಬಡ್‌ನನ್ನು ಗಾಡಿಗೆ ಕಟ್ಟಿದೆ.

"ಮಾವಾ, ಈ ಬಿಸಿಲಲ್ಲಿ ತೊಗಲು ತರೋಕೆ ಹೋದ್ರೆ ನಿಮ್ಮದೇ ತೊಗಲು ಸುಲ್ಕೊಂಡು ಬರ್ತೀರ" ಅಂದಳು. ಮಾತಿಗೆ ಮಾತ್ರ ಅವಳು ಉಪ್ಪು ಖಾರ ಸರಿಯಾಗಿ ಹಾಕುತ್ತಾಳೆ.

ಹಳ್ಳದ ಹತ್ತಿರ ಕುದುರೆಗೆ ನೀರು ಕುಡಿಸಿದೆ. ನನಗೂ ಬಾಯಿ ಒಣಗಿತ್ತು. ಆದರೂ ಕುಡಿಯಲಿಲ್ಲ. ಬಾಯಾರಿಕೆಯನ್ನು ಹಾಗೇ ಉಳಿಸಿಕೊಂಡು ಹೋದೆ, ಯಾತಕ್ಕೆಂದು ನಿನಗೆ ಹೇಳಬೇಕಿಲ್ಲ.

ಸೇತುವೆ ದಾಟಿದರೆ ಬಲಗಡೆ ಬಿಳಿ ಮನೆ, ಒಂದು ದೊಡ್ಡ ಮೇಪಲ್ ಮರ, ಮರದ ಕೆಳಗೆ ಉದ್ದನೆಯ ಮೇಜು. ಮೇಜಿನ ಹಿಂದೆ ಲವೀನಾ. ಬೆನ್ನು ನನ್ನ ಕಡೆಗಿತ್ತು, ಐಸ್ ಪೆಟ್ಟಿಗೆ ಒರೆಸುತ್ತಿದ್ದಳು. ಗಾಡಿಯ ಸದ್ದಿಗೆ ತಿರುಗಿದವಳು ನನ್ನನ್ನು ನೋಡುವ ಮೊದಲು ಕುದುರೆಯನ್ನು ನೋಡಿದಳು.

"ಬಡ್ ಇನ್ನೂ ಬದುಕಿದಾನಾ?" ಅಂದಳು.

"ನಾನೂ ಬದುಕಿದೀನಿ" ಅಂದೆ.

ಆರು ವರ್ಷದ ಮೇಲೆ ನಾವು ಆಡಿದ ಮೊದಲ ಮಾತು ಇದು. ಅವಳು ನಕ್ಕಳು. ನಗುವಾಗ ಅದೇ ಹಳೆಯ ಹಾಗೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ.

ನೀನು ಕಣ್ಣಾರೆ ನೋಡಿ ಬರೆ ಅಂದೆ, ಅದಕ್ಕೆ ಬರೆಯುತ್ತೇನೆ. ತೆಳ್ಳಗಾಗಿದ್ದಾಳೆ, ಕಾಯಿಲೆಯ ತೆಳುವಲ್ಲ, ದುಡಿಮೆಯದು. ಸಣ್ಣ ಹೂವಿನ ಬಟ್ಟೆ ತೊಟ್ಟಿದ್ದಳು. ತಲೆಯ ಮೇಲೆ ಟೋಪಿ ಇದೆ, ಅವರ ಸಭೆಯವರ ಚಿಕ್ಕ ಟೋಪಿ. ಎಡಗೈ ಮೇಲೆ ಎಣ್ಣೆ ಹಾರಿದ ಹಳೆಯ ಗುರುತು. ಹಣೆ ನಿನ್ನದೇ. ಅವಳ ಲಂಗ ಹಿಡಿದು ಒಂದು ಮಗು ನಿಂತಿತ್ತು. ಬರಿಗಾಲು, ಮೂರು ವರ್ಷ. ಹೆಸರು ಆನಿ, ನಮ್ಮಮ್ಮನ ಹೆಸರು. ನಮಗೆ ಒಬ್ಬಳು ಮೊಮ್ಮಗಳಿದ್ದಾಳೆ, ಸಲೋಮಿ. ಮೂರು ವರ್ಷದಿಂದ ಇದ್ದಾಳೆ.

"ಅಮ್ಮ?" ಎಂದು ಕೇಳಿದಳು.

"ಕೆಂಟಕೀಲಿದಾಳೆ. ಸೂಸಿಗೆ ಗಂಡುಮಗು ಆಯ್ತು."

"ನಂಗೆ ಯಾರೂ ಹೇಳ್ಲಿಲ್ಲ."

"ಯಾರು ಹೇಳ್ಬೇಕಿತ್ತು?" ಅಂದುಬಿಟ್ಟೆ. ಹೇಳಬೇಕೆಂದು ಹೇಳಿದ್ದಲ್ಲ, ನನ್ನ ನಾಲಿಗೆ ನಿನಗೆ ಗೊತ್ತು. ಅವಳು ಐಸ್ ಪೆಟ್ಟಿಗೆಯನ್ನು ಇನ್ನೊಂದು ಸಲ ಒರೆಸಿದಳು. ಅದು ಆಗಲೇ ಒಣಗಿತ್ತು.

ಆಮೇಲೆ ಅವಳು ನನ್ನನ್ನು ಏನೂ ಕೇಳದೆ ಒಳಗೆ ಹೋಗಿ ಆಗ ತಾನೆ ಒಲೆಯಿಂದ ಇಳಿಸಿದ ಪ್ರೆಟ್ಜೆಲ್ ರೊಟ್ಟಿ ತಂದಳು. ಮೇಜಿನ ಈ ತುದಿಗೆ ಒಂದು ಮಣೆ ಹಾಕಿ, ಅದರ ಮೇಲೆ ಪ್ರೆಟ್ಜೆಲ್, ಪಕ್ಕದಲ್ಲಿ ಸಾಸಿವೆ, ಒಂದು ಬಟ್ಟಲಲ್ಲಿ ಚಿಪ್ಸು, ಕೆಂಪು ಮೊಟ್ಟೆ ಎಲ್ಲ ಇಟ್ಟಳು. ಇಟ್ಟು ಮೂರು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಮಡಿಲ ಬಟ್ಟೆಯ ಕೆಳಗೆ ಮರೆಮಾಡಿಕೊಂಡಳು. ಮೇಜಿನ ಮೇಲೆ ಇಟ್ಟದ್ದನ್ನು ನಾನು ಎತ್ತಿಕೊಳ್ಳಬಹುದು, ಅಷ್ಟಕ್ಕೆ ದಾರಿ ಇದೆ. ಅವಳು ಮರೆತಿರಲಿಲ್ಲ. ನನ್ನನ್ನು ಪೇಚಿಗೆ ಸಿಕ್ಕಿಸಬಾರದೆಂದು ಅಷ್ಟು ದೂರ ನಿಂತಳು. ಅವಳು ಜಗಳಕ್ಕೆ ನಿಂತಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ನಿಂತುಕೊಂಡೇ ತಿಂದೆ. ಪ್ರೆಟ್ಜೆಲ್ ಮೇಲೆ ಗರಿ, ಒಳಗೆ ಹಂಜಿಯ ಹಾಗೆ ಮೆತ್ತಗೆ, ಬೆಣ್ಣೆ ಮೊಣಕೈವರೆಗೂ ಇಳಿಯಿತು. ಚಿಪ್ಸು ದಪ್ಪ, ಒಂದೊಂದರ ಅಂಚಿನಲ್ಲೂ ಕಂದು ಸುಟ್ಟ ಗೆರೆ. ಮೊಟ್ಟೆಯ ಹುಳಿ ಲವಂಗದ ಜೊತೆ ಹದವಾಗಿ ಕೂತಿತ್ತು. ಹದಿನೇಳು ದಿನ, ಅಲ್ಲ, ಈಗ ಇಪ್ಪತ್ತಾರು ದಿನ, ಬಾರ್ಬಿಯ ಅಡುಗೆ ಉಂಡವನು ನಾನು. ಕಣ್ಣಲ್ಲಿ ನೀರು ಬಂತು. ಸಾಸಿವೆ ಖಾರ ಎಂದು ಒರೆಸಿಕೊಂಡೆ.

"ಉಪ್ಪು ಜಾಸ್ತಿ ಆಯ್ತಾ ಅಪ್ಪಾ?"

"ಸರಿಯಾಗಿದೆ."

ಅವಳು ಮಗುವಿಗೆ ಹೇಳಿದಳು, "ನೋಡಿದ್ಯಾ ಆನಿ, ಇವರು ಸರಿಯಾಗಿದೆ ಅಂದ್ರೆ ಬೇರೆಯೋರು ಕುಣಿದು ಚಪ್ಪಾಳೆ ತಟ್ಟಿದಂಗೆ."

"ಯಾರು ಇವರು?" ಮಗು ನಮ್ಮ ಭಾಷೆಯಲ್ಲೇ ಕೇಳಿತು. ಅವಳು ಕಲಿಸಿದ್ದಾಳೆ. ಕಾರಿನವರ ಮನೆಗಳಲ್ಲಿ ಮಕ್ಕಳಿಗೆ ಈಗ ಇಂಗ್ಲಿಷು ಬಿಟ್ಟರೆ ಬೇರೆ ಬರುವುದಿಲ್ಲವೆಂದು ನಾವೇ ಆಡಿಕೊಳ್ಳುತ್ತಿದ್ದೆವಲ್ಲ.

"ನಿನ್ನ ಅಜ್ಜ."

ಮಗು ನನ್ನನ್ನು ಮೇಲಿಂದ ಕೆಳಗೆ ನೋಡಿತು. "ಅಜ್ಜನ ಗಡ್ಡದಲ್ಲಿ ಉಪ್ಪಿದೆ" ಅಂದಿತು. ನಾನು ಗಡ್ಡ ಕೊಡವಿದೆ. "ಇನ್ನೂ ಇದೆ" ಅಂದಿತು. ಅದು ಉಪ್ಪಲ್ಲ, ನರೆ ಎಂದು ಅದಕ್ಕೆ ಯಾರು ಹೇಳುವುದು. ಮೂವರೂ ನಕ್ಕೆವು. ಅಷ್ಟು ಹೊತ್ತು, ಒಂದು ನಿಮಿಷವಿರಬಹುದು, ಎಲ್ಲ ಸರಿಯಾಗಿತ್ತು.

ಆಗ ಪ್ರವಾಸಿಗಳ ಕಾರೊಂದು ನಿಂತಿತು. ಕಪ್ಪು ಕನ್ನಡಕದ ಹೆಂಗಸೊಬ್ಬಳು ಇಳಿದು ಎರಡು ಬಾಟಲಿ ಕೇಳಿದಳು. ಲವೀನಾ ಐಸಿನೊಳಗಿಂದ ತೆಗೆದು, ಒರೆಸಿ, ಕೊಟ್ಟಳು. ಆ ಹೆಂಗಸು ನನ್ನ ಮಗಳ ಕೈಯಿಂದ ಬಾಟಲಿ ತೆಗೆದುಕೊಂಡಳು. ಬೆರಳಿಗೆ ಬೆರಳು ತಾಗಿತು. ಅವಳು ಅತ್ತ ನೋಡುತ್ತ, ನನ್ನ ಕುದುರೆಯ ಫೋಟೋ ತೆಗೆಯಬಹುದೇ ಎಂದು ಕೇಳುತ್ತ, ತೆಗೆದುಕೊಂಡಳು. ನನಗೆ ಆ ಹೆಂಗಸಿನ ಮೇಲೆ ಬಂದ ಹೊಟ್ಟೆಕಿಚ್ಚನ್ನು ಯಾರ ಮುಂದೆ ಹೇಳಿಕೊಳ್ಳಲಿ? ಫೋಟೋ ಬೇಡ ಅಂದೆ. ಅಷ್ಟೇ ನನ್ನ ಕೈಲಾದದ್ದು.

ಕಾರು ಹೋದ ಮೇಲೆ ಲವೀನಾ ಹೇಳಿದಳು, "ಇವತ್ತೇ ಕೊನೆ ಅಪ್ಪಾ. ನಾಳೆ ಬೆಳಗಿನ ಜಾವ ಹೊರಡ್ತೀವಿ. ಐಡಾಹೋಗೆ. ಕರ್ಟಿಸ್‌ಗೆ ಅಲ್ಲಿ ಅಣ್ಣನ ಜೊತೆ ಕೆಲಸ. ಸಾಮಾನೆಲ್ಲ ಆಗಲೇ ಹೋಗಿದೆ. ಕರ್ಟಿಸ್ ಲಾರಿ ಜೊತೆ ಹೋದ."

ತಲೆ ಎತ್ತಿ ಮನೆಯ ಕಡೆ ನೋಡಿದೆ. ಕಿಟಕಿಗಳಲ್ಲಿ ಪರದೆ ಇರಲಿಲ್ಲ.

"ಎಷ್ಟು ದೂರ?"

"ಎರಡೂವರೆ ಸಾವಿರ ಮೈಲಿ ಅಂತಾರೆ."

"ಅಮ್ಮ ಬರೋಕೆ ಇನ್ನೂ ಎರಡು ವಾರ ಇದೆ" ಅಂದೆ. ಅವಳಿಗೆ ನಿಲ್ಲು ಎಂದು ಹೇಳಿದ ಹಾಗೆಯೇ ಇತ್ತು ಅದು.

"ಗೊತ್ತಿದ್ರೆ..." ಅಂದಳು. ನಾನು ಸೋಮವಾರ ಬಂದಿದ್ದರೆ ಬೆನುಯೆಲ್‌ನ ಡ್ರೈವರನನ್ನು ಕೆಂಟಕಿಗೆ ಓಡಿಸಿ ನಿನ್ನನ್ನು ಕರೆಸಬಹುದಿತ್ತು. ಬುಧವಾರ ಮಧ್ಯಾಹ್ನಕ್ಕೆ ನೀನು ಆ ಮರದ ಕೆಳಗೆ ಇರುತ್ತಿದ್ದೆ. ಇದನ್ನು ಅವಳಿಗೆ ಹೇಳಲಿಲ್ಲ. ನಿನಗೆ ಹೇಳದೆ ಇರಲಾಗುವುದಿಲ್ಲ.

ಐಸಿನಲ್ಲಿ ಒಂದೇ ಬಾಟಲಿ ಉಳಿದಿತ್ತು. ಅವಳು ಅದನ್ನು ತೆರೆದು ಒಂದು ಗಾಜಿನ ಲೋಟಕ್ಕೆ ಸುರಿದಳು. ನೊರೆ ಮೇಲೆ ಬಂದು ಇಳಿಯುವವರೆಗೆ ಕಾದು ಇನ್ನಷ್ಟು ಸುರಿದಳು. "ಅಜ್ಜಿ ಹೇಳಿಕೊಟ್ಟಂಗೇ ಮಾಡಿದೀನಿ, ಬೇರು ಮಾತ್ರ ಇಲ್ಲಿಯ ಕಾಡಿಂದು. ಅಲ್ಲಿ ಸಾಸಫ್ರಾಸ್ ಬೆಳೆಯಲ್ವಂತೆ" ಅಂದಳು. ಲೋಟ ನನ್ನ ಕಡೆ ಬಂತು. ನಾನು ತೆಗೆದುಕೊಳ್ಳಲಿಲ್ಲ. ಕೈಯಿಂದ ಕೈಗೆ ಆಗದು ಎಂಬ ಕಟ್ಟು ನಿನಗೂ ಗೊತ್ತು. ಅದನ್ನು ಮೇಜಿನ ಮೇಲೆ ಇಡಿಸಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ದಯವಿಟ್ಟು ಕೇಳಬೇಡ.

ಅದಾದ ಮೇಲೆ ವಿಳಾಸ ಕೇಳಿದೆ, ಅಲ್ಲಿಗೆ ಹೋಗಿ ನೆಲೆ ನಿಂತ ಮೇಲೆ ಸೂಸಿಗೆ ಬರೆಯುತ್ತಾಳಂತೆ. "ಹುಷಾರಾಗಿ ಹೋಗಿ ಅಪ್ಪಾ, ಬಿಸಿಲು" ಅಂದಳು. ನಾನು ಗಾಡಿ ಹತ್ತಿದೆ. ತಿರುಗಿ ನೋಡಿದಾಗ ಅವಳು ಮಣೆ ಎತ್ತಿ ಮೇಜು ಒರೆಸುತ್ತಿದ್ದಳು.

ಅವಳ ಮೇಲೆ ನನಗೆ ಸಿಟ್ಟಿಲ್ಲ, ಸಲೋಮಿ. ಯಾವಾಗ ಹೋಯಿತೋ ನನಗೇ ತಿಳಿಯದು. ಸಿಟ್ಟು ಹೋಗಿ ಬರೀ ಕಟ್ಟು ಉಳಿದಿದೆ. ಅದನ್ನು ಬಿಚ್ಚುವ ಗಂಟು ನನ್ನ ಕೈಗೆ ಸಿಗುವುದಿಲ್ಲ. ಜೀವನವೆಲ್ಲ ತೊಗಲಿನ ಪಟ್ಟಿ ಹೊಲಿದವನು, ಆದರೂ ಸಿಗುವುದಿಲ್ಲ. ಸಭೆಯನ್ನು ದೂರಲಾರೆ, ಒಪ್ಪಿದ್ದೇನೆ ಎಂದವನು ನಾನೇ. ಅವಳನ್ನು ದೂರಲಾರೆ. ನಿನ್ನನ್ನು ಬಿಟ್ಟರೆ ಇದನ್ನು ಹೇಳಿಕೊಳ್ಳಲು ನನಗೆ ಯಾರೂ ಇಲ್ಲ.

ಅವಸರ ಮಾಡಿ ಹೊರಟು ಬರಬೇಡ. ಸೂಸಿ ಪೂರ್ತಿ ಚೇತರಿಸಿಕೊಳ್ಳಲಿ. ಮಕ್ಕಳ ತಲೆಯ ಮೇಲೆ ನನ್ನ ಪರವಾಗಿ ಕೈಯಿಡು. ರಸ್ತೆಯಲ್ಲಿರುವವರನ್ನೂ ಮನೆಯಲ್ಲಿರುವವರನ್ನೂ ಕರ್ತನು ಒಂದೇ ಕಣ್ಣಿನಿಂದ ಕಾಯಲಿ.

ನಿನ್ನವನೇ ಆದ,
ಈನೋಸ್

ಮತ್ತೊಂದು ಮಾತು: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ. ಅಂಟಿಸಲಾಗಲಿಲ್ಲ.

ಲೋಟ ಲವೀನಾಳ ಕೈಯಲ್ಲಿರಲಿಲ್ಲ. ಆನಿಯ ಕೈಯಲ್ಲಿತ್ತು. ಲವೀನಾ ಅದನ್ನು ತುಂಬಿ ಮಗುವಿನ ಎರಡೂ ಕೈಗಳ ನಡುವೆ ಇಟ್ಟು, "ಚೆಲ್ಬೇಡ, ನಿಧಾನ, ಅಜ್ಜಂಗೆ ಕೊಡು" ಎಂದು ಕಳಿಸಿದಳು. ಮೂರು ವರ್ಷದ ಮಗು. ಅದು ಯಾರಿಗೂ ಮಾತು ಕೊಟ್ಟಿಲ್ಲ, ಮುರಿದಿಲ್ಲ, ಅದಕ್ಕೆ ಯಾವ ಬಹಿಷ್ಕಾರವೂ ಇಲ್ಲ. ಅದರ ಕೈಯಿಂದ ತೆಗೆದುಕೊಳ್ಳಬಾರದೆಂದು ಯಾವ ಬಿಷಪ್ಪರೂ ಹೇಳುವುದಿಲ್ಲ. ಲವೀನಾ ಎಲ್ಲ ಯೋಚಿಸಿ, ನನಗೆ ತಪ್ಪು ತಟ್ಟದ ಹಾಗೆ, ಇದ್ದ ಒಂದು ದಾರಿಯನ್ನು ಹುಡುಕಿದ್ದಳು. ನಾನು ಚಾಚಿ ಬಂದ ಲೋಟ ನೋಡಿದೆ, ಹಿಡಿದ ಕೈ ಯಾರದೆಂದು ನೋಡಲಿಲ್ಲ. ಆರು ವರ್ಷದ ಅಭ್ಯಾಸ, ಎರಡೂ ಕೈ ತಾವಾಗಿಯೇ ಬೆನ್ನ ಹಿಂದೆ ಹೋದವು. ಅಲ್ಲಿ ನಮ್ಮ ಸಭೆಯವರು ಒಬ್ಬರೂ ಇರಲಿಲ್ಲ.

ಇದು ಹೊಳೆದದ್ದು ಸೇತುವೆ ದಾಟಿ ಎರಡು ಮೈಲಿ ಬಂದ ಮೇಲೆ. ಗಾಡಿ ತಿರುಗಿಸಿದೆ. ಹೋಗಿ ಏನೆಂದು ಹೇಳಲಿ ಎಂದು ತೋಚದೆ ಮತ್ತೆ ಮನೆಯ ಕಡೆಗೇ ತಿರುಗಿಸಿದೆ.

ಮಗು ಲೋಟ ಹಿಡಿದುಕೊಂಡು ಅಲ್ಲೇ ನಿಂತಿತ್ತು. "ಅಜ್ಜ ತಗೊಳ್ಳಲ್ಲ" ಎಂದು ತಾಯಿಗೆ ಹೇಳಿತು. ಲವೀನಾ ನನ್ನನ್ನು ನೋಡಿದಳು. ಆಮೇಲೆ, "ಅಜ್ಜಂಗೆ ಬಾಯಾರಿಕೆ ಇಲ್ಲ ಕಣೇ ಪುಟ್ಟಿ, ನೀನೇ ಕುಡಿ" ಅಂದಳು. ಮಗು ನನ್ನ ಮುಖವನ್ನೇ ನೋಡುತ್ತ, ನಿಧಾನವಾಗಿ, ಲೋಟ ಪೂರ್ತಿ ಕುಡಿಯಿತು.